ಸಂಜೆ ಬೆಳಕಿನಲ್ಲಿ ಹಾರುವ ವಲಸೆ ಹಕ್ಕಿಗಳ ಹಿಂಡು: ಕಪ್ಪು ಆಕೃತಿಯೋ, ಹೊನ್ನಂಚೋ, ತೇಲುಗೆರೆಯೋ?

ಸಂಜೆ ತೆಗೆದ ಹಿಂಡಿನ ಚಿತ್ರಗಳು ಕೆಡುವುದು ಹೆಚ್ಚಾಗಿ ಕ್ಯಾಮೆರಾದಿಂದಲ್ಲ, ಎರಡು ದೋಣಿಯಲ್ಲಿ ಕಾಲಿಡುವುದರಿಂದ. ಕೆಂಪು ಆಕಾಶವೂ ಬೇಕು, ಹಕ್ಕಿಯ ಗರಿಯೂ ಕಾಣಬೇಕು ಎಂದು ಹೊರಟರೆ ಕೈಗೆ ಸಿಗುವುದು ಮಾಸಿದ ಆಕಾಶ, ಅದರ ಮೇಲೆ ಒಂದಷ್ಟು ಕಂದು ಕಲೆ. ಮುಳುಗುವ ಸೂರ್ಯನ ಪಕ್ಕದ ಆಕಾಶಕ್ಕೂ ನಮ್ಮ ಕಡೆಗಿರುವ ಹಕ್ಕಿಯ ನೆರಳಿನ ಮೈಗೂ ಐದಾರು ಸ್ಟಾಪ್ ಅಂತರ ಸುಲಭವಾಗಿ ಇರುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು ಇಲ್ಲವೇ ಅರ್ಧಕ್ಕಿಳಿಯುವುದು). ಅಂದರೆ ಆಕಾಶ ಮೂವತ್ತರಿಂದ ಅರವತ್ತು ಪಟ್ಟು ಹೆಚ್ಚು ಬೆಳಗಿರುತ್ತದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಬಿಡುವ ಬೆಳಕನ್ನು, ಮಧ್ಯದಲ್ಲೆಲ್ಲೋ ನಿಲ್ಲಿಸಿದರೆ ಎರಡೂ ಹಾಳು.

ಹಾಗಾಗಿ ಯಾವ ಲೆನ್ಸ್, ಎಷ್ಟು ಶಟರ್ (ಬೆಳಕು ಒಳಬಿಡುವ ಹೊತ್ತು) ಎಂದು ಕೇಳುವ ಮೊದಲು ಬೆಳಕನ್ನು ಹೇಗೆ ಬಳಸುತ್ತೀರಿ ಎಂಬುದು ತೀರ್ಮಾನವಾಗಲಿ. ದಾರಿಗಳು ನಾಲ್ಕು. ಬೆಳಗುವ ಆಕಾಶದ ಮೇಲೆ ಕಪ್ಪು ಆಕೃತಿ, ಅಂದರೆ ಸಿಲೂಯೆಟ್. ಕಪ್ಪು ಹಿನ್ನೆಲೆಯ ಮೇಲೆ ಅಂಚು ಮಾತ್ರ ಹೊಳೆಯುವ ಹಕ್ಕಿ, ಇದನ್ನು ಹೊನ್ನಂಚು ಎನ್ನೋಣ. ಸೂರ್ಯನಿಗೆ ಬೆನ್ನು ಹಾಕಿ ನಿಂತು, ನೇರ ಬೆಳಕು ಬಿದ್ದ ಹಕ್ಕಿ. ಕೊನೆಯದು ನಿಧಾನ ಶಟರ್‌ನಲ್ಲಿ ರೆಕ್ಕೆಗಳೇ ಗೆರೆಯಾಗುವ ತೇಲುಗೆರೆ. ಒಂದು ಸಂಜೆಯಲ್ಲಿ ಎರಡನ್ನು ಸಾಧಿಸಬಹುದು. ನಾಲ್ಕನ್ನೂ ಹಿಡಿಯಹೊರಟವರು ಸಾಮಾನ್ಯವಾಗಿ ಮೆನು ತಡಕಾಡುತ್ತಾ ಹಿಂಡನ್ನೇ ಕಳೆದುಕೊಳ್ಳುತ್ತಾರೆ.

ಕೈಯಲ್ಲಿರುವ ಸಮಯ

ಆಕಾಶದಲ್ಲಿ ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸಾಗುತ್ತಾನೆ. ಚಾಚಿದ ಕೈಯ ಒಂದು ಬೆರಳಿನ ಅಗಲ ಸುಮಾರು 2 ಡಿಗ್ರಿ. ಭೂಮಧ್ಯರೇಖೆಗೆ ಹತ್ತಿರ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಒಂದು ಬೆರಳೆಂದರೆ ಸುಮಾರು 8 ನಿಮಿಷ. ಧ್ರುವದ ಕಡೆ ಹೋದಷ್ಟೂ ಓರೆಯಾಗಿ ಇಳಿಯುತ್ತಾನೆ, ಸಮಯ ಹಿಗ್ಗುತ್ತದೆ.

ಸೂರ್ಯ ನಾಲ್ಕೈದು ಬೆರಳು ಮೇಲಿರುವಾಗ ನೇರ ಬೆಳಕಿನ ಚಿತ್ರಗಳಿಗೆ ಸಮಯ. ಎರಡು ಬೆರಳಿಗೆ ಇಳಿದಾಗಿನಿಂದ ದಿಗಂತ ಮುಟ್ಟುವವರೆಗೆ ಹೊನ್ನಂಚು. ಕೊನೆಯ ಅರ್ಧ ಬೆರಳಿನಿಂದ ಹಿಡಿದು ಮುಳುಗಿದ ಮೇಲಿನ ಹದಿನೈದು ನಿಮಿಷದವರೆಗೆ ಕಪ್ಪು ಆಕೃತಿ. ಆಮೇಲೆ ಉಳಿಯುವುದು ತೇಲುಗೆರೆಯಷ್ಟೆ. ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿಳಿಯುವ ಹೊತ್ತಿಗೆ ಆಟೋಫೋಕಸ್ ತಡವರಿಸತೊಡಗುತ್ತದೆ. ಉಷ್ಣವಲಯದಲ್ಲಿ ಮುಳುಗಿದ ಮೇಲೆ ಸುಮಾರು 3-4 ನಿಮಿಷಕ್ಕೆ ಒಂದು ಸ್ಟಾಪ್ ಬೆಳಕು ಇಳಿಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಲೆನ್ಸ್ ಆರಿಸುವಾಗ ಈ ಲೆಕ್ಕ ಮತ್ತೆ ಬರುತ್ತದೆ.

ಕಪ್ಪು ಆಕೃತಿ: ಸುಲಭ ಅನ್ನಿಸುತ್ತದೆ, ಅಲ್ಲ

ಹಿಂಡು ಎತ್ತರದಲ್ಲಿ, ದೂರದಲ್ಲಿ, ಗುರುತಿಸಬಲ್ಲ ಆಕಾರದಲ್ಲಿ ಹಾರುವಾಗ ಇದೇ ಸರಿಯಾದ ಆಯ್ಕೆ. ಹೆಬ್ಬಾತು, ಕ್ರೌಂಚ, ಐಬಿಸ್‌ನಂಥ ಉದ್ದ ಕತ್ತಿನ ಹಕ್ಕಿಗಳು ಕಪ್ಪಾಗಿಯೂ ತಮ್ಮ ಗುರುತು ಬಿಟ್ಟುಕೊಡುವುದಿಲ್ಲ. ಕ್ರೌಂಚದ ಕಾಲು ಬಾಲದಾಚೆ ಚಾಚಿರುತ್ತದೆ, ಹೆಬ್ಬಾತಿನ ಕಾಲು ಕಾಣುವುದೇ ಇಲ್ಲ. ಸಣ್ಣ ಗೊರವಗಳೂ ಕಬ್ಬಕ್ಕಿಗಳೂ ಒಂದೊಂದಾಗಿ ಕಪ್ಪು ಚುಕ್ಕಿಗಳೇ. ಅವುಗಳ ವಿಷಯದಲ್ಲಿ ಚಿತ್ರ ಹಕ್ಕಿಯದ್ದಲ್ಲ, ಹಿಂಡಿನ ಆಕಾರದ್ದು.

ಎಕ್ಸ್‌ಪೋಷರ್‌ಗೆ ಹೀಗೆ ಮಾಡಿ. ಮ್ಯಾನ್ಯುಯಲ್ ಮೋಡ್‌ಗೆ ಹಾಕಿ. ಸೂರ್ಯ ಚೌಕಟ್ಟಿನ ಹೊರಗಿರುವಂತೆ, ಅವನ ಪಕ್ಕದ ಹೊಳೆಯುವ ಆಕಾಶವನ್ನಷ್ಟೇ ತುಂಬಿಸಿ ಕ್ಯಾಮೆರಾದ ಬೆಳಕಿನ ಮೀಟರ್ ನೋಡಿ. ಮೀಟರ್ ಹೇಳಿದ್ದಕ್ಕಿಂತ ಮೂರನೇ ಒಂದರಿಂದ ಒಂದು ಸ್ಟಾಪ್ ಕಡಿಮೆ ಇಡಿ, ಬಣ್ಣ ದಟ್ಟವಾಗುತ್ತದೆ. ಒಂದು ಪರೀಕ್ಷಾ ಚಿತ್ರ ತೆಗೆದು ಮೂರು ಬಣ್ಣಗಳ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ತೆರೆಯಿರಿ. ಬಿಳಿ ಹಿಸ್ಟೋಗ್ರಾಂ ಒಂದನ್ನೇ ನಂಬಬೇಡಿ, ಮೋಸ ಹೋಗುವುದೇ ಇಲ್ಲಿ. ಸೂರ್ಯಾಸ್ತದಲ್ಲಿ ಮೊದಲು ಬಲಗೋಡೆಗೆ ಬಡಿಯುವುದು ಕೆಂಪು. ಒಟ್ಟು ಹಿಸ್ಟೋಗ್ರಾಂ ಸುಖವಾಗಿ ಮಧ್ಯದಲ್ಲಿದ್ದರೂ ಕೆಂಪು ಚಾನಲ್ ತುಂಬಿ ತುಳುಕಿರಬಹುದು. ಆಗ ಕೇಸರಿಯ ಹತ್ತು ಛಾಯೆಗಳು ಒಂದೇ ಹಳದಿ ಪಟ್ಟಿಯಾಗಿಬಿಡುತ್ತವೆ. ಕೆಂಪು ಗೋಡೆ ಮುಟ್ಟುವ ಸ್ವಲ್ಪ ಮುಂಚೆ ನಿಲ್ಲುವಷ್ಟು ಶಟರ್ ವೇಗ ಏರಿಸಿ.

ಬಣ್ಣದ ಹದ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕೇಸರಿಯನ್ನು ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಡೇಲೈಟ್, ಅಂದರೆ 5200-5500 ಕೆಲ್ವಿನ್ ಸಾಕು. ರಾ ಫೈಲ್‌ನಲ್ಲಿ, ಅಂದರೆ ಸೆನ್ಸರ್‌ನ ಕಚ್ಚಾ ದಾಖಲೆಯಲ್ಲಿ, ಆಮೇಲೆ ಬದಲಿಸಬಹುದು ನಿಜ. ಆದರೆ ಪರದೆಯ ಮೇಲಿನ ಹಿಸ್ಟೋಗ್ರಾಂ ಜೆಪೆಗ್ ರೂಪದಿಂದ ಬರುವುದರಿಂದ ಅಲ್ಲಿ ಕಾಣುವ ಕೆಂಪು ಈ ಆಯ್ಕೆಯ ಮೇಲೂ ನಿಂತಿರುತ್ತದೆ.

ಮುಳುಗುವ ಹೊತ್ತಿಗೆ 1/1000 ಸೆಕೆಂಡು ಶಟರ್, ಎಫ್/5.6 ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ, ಸಂಖ್ಯೆ ದೊಡ್ಡದಾದಷ್ಟೂ ಕಿರಿದು), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 800ರ ಆಸುಪಾಸಿನಿಂದ ಶುರುಮಾಡಬಹುದು. ಹತ್ತು ನಿಮಿಷದ ಬಳಿಕ ಅದೇ ಶಟರ್‌ಗೆ ಐಎಸ್‌ಒ 3200 ದಾಟಬೇಕಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಇರುವವರು ಮರೆಯುವುದು ಇದನ್ನೇ. ಒಮ್ಮೆ ಹೊಂದಿಸಿ ಹಿಂಡಿನ ಹಿಂದೆ ಬೀಳುತ್ತಾರೆ, ನಾಲ್ಕು ನಿಮಿಷದಲ್ಲಿ ಒಂದು ಸ್ಟಾಪ್ ಕತ್ತಲಾಗಿರುತ್ತದೆ. ಆಟೋ ಐಎಸ್‌ಒ ಇಟ್ಟರೆ ಈ ತೊಂದರೆ ಇಲ್ಲ, ಬೇರೆ ಇದೆ. ಸೂರ್ಯ ಚೌಕಟ್ಟಿನೊಳಗೆ ಬಂದ ಕ್ಷಣ ಇಡೀ ಚಿತ್ರ ಕತ್ತಲು, ಕಪ್ಪು ಮರಗಳು ಬಂದ ಕ್ಷಣ ಆಕಾಶ ಬಿಳುಪು. ಕಪ್ಪು ಆಕೃತಿಗೆ ಮ್ಯಾನ್ಯುಯಲ್, ನೇರ ಬೆಳಕಿಗೆ ಆಟೋ ಐಎಸ್‌ಒ ಎಂಬುದು ನಮ್ಮ ಪಕ್ಷ.

ಎಕ್ಸ್‌ಪೋಷರ್ ಸರಿಯಾದ ಮೇಲೂ ಎರಡು ಕಾರಣಕ್ಕೆ ಚಿತ್ರ ಸೋಲುತ್ತದೆ. ಹಕ್ಕಿಗಳು ಒಂದರ ಮೇಲೊಂದು ಬಂದು ಆರು ರೆಕ್ಕೆಯ ಮುದ್ದೆಯಾಗುವುದು ಒಂದು. ಎಲ್ಲ ರೆಕ್ಕೆಗಳೂ ಸಮತಲದಲ್ಲಿದ್ದು ಹಕ್ಕಿ ಒಂದು ಅಡ್ಡಗೆರೆಯಾಗಿ ಕಾಣುವುದು ಇನ್ನೊಂದು. ಬಣ್ಣವಿಲ್ಲದ ಚಿತ್ರದಲ್ಲಿ ಆಕಾರವೇ ಸರ್ವಸ್ವ. ರೆಕ್ಕೆ ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಇರುವ ಕ್ಷಣ ಬೇಕು. ಸೆಕೆಂಡಿಗೆ 8-10 ಚಿತ್ರಗಳ ಬರ್ಸ್ಟ್ ಸಾಕು, ಆದರೆ ಒತ್ತಿ ಹಿಡಿಯಬೇಡಿ. ಒಂದೊಂದು ಸೆಕೆಂಡಿನ ಚಿಕ್ಕ ಬರ್ಸ್ಟ್‌ಗಳೇ ಸರಿ. ಹಿಂಡು ಸೂರ್ಯನ ನೇರಕ್ಕೆ ಬರುವ ಹೊತ್ತಿಗೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸ್ಮೃತಿ) ತುಂಬಿ ಕ್ಯಾಮೆರಾ ಮೌನವಾದರೆ ಮಾಡುವುದೇನೂ ಇರುವುದಿಲ್ಲ.

ವಿ ಆಕಾರದ ಸಾಲಿನಲ್ಲಿ ಹಿಂದಿನ ಹಕ್ಕಿ ಮುಂದಿನದರ ರೆಕ್ಕೆತುದಿಯಿಂದ ಮೇಲೇಳುವ ಗಾಳಿಯ ಆಸರೆ ಪಡೆಯುತ್ತದೆ. ಅದಕ್ಕಾಗಿ ರೆಕ್ಕೆಬಡಿತದ ಹೊತ್ತನ್ನೂ ಹೊಂದಿಸಿಕೊಳ್ಳುತ್ತದೆ ಎಂದು ಐಬಿಸ್‌ಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚಿತ್ರಕ್ಕೆ ಇದರಿಂದ ಆಗುವ ಲಾಭವೆಂದರೆ ಬಡಿತ ಸಾಲಿನುದ್ದಕ್ಕೂ ಅಲೆಯಂತೆ ಹರಿಯುವುದು. ಇಪ್ಪತ್ತು ಹಕ್ಕಿಗಳಲ್ಲಿ ಎಲ್ಲದರ ರೆಕ್ಕೆಯೂ ಮೇಲಿರಲಿ ಎಂದು ಕಾಯುವುದು ವ್ಯರ್ಥ. ಮುಂದಾಳಿನ ಮತ್ತು ಅದರ ಹಿಂದಿನ ಎರಡು ಮೂರು ಹಕ್ಕಿಗಳ ರೆಕ್ಕೆ ಚೆನ್ನಾಗಿರುವ ಚಿತ್ರ ಆರಿಸಿ, ಕಣ್ಣು ಅಲ್ಲಿಗೇ ಹೋಗುವುದು.

ಹೊನ್ನಂಚು: ಹಿನ್ನೆಲೆ ಸಿಕ್ಕರೆ ಮಾತ್ರ

ಇದರಲ್ಲೂ ಸೂರ್ಯ ಎದುರಿಗೇ, ಆದರೆ ಚೌಕಟ್ಟಿನ ಹೊರಗೆ. ಹಕ್ಕಿಯ ಹಿಂದೆ ಆಕಾಶವಲ್ಲ, ನೆರಳಲ್ಲಿರುವ ಮರಸಾಲೋ ಗುಡ್ಡವೋ ದಡವೋ ಇರಬೇಕು. ಆಗ ರೆಕ್ಕೆಯ ಗರಿಗಳೊಳಗಿಂದ ಬೆಳಕು ತೂರಿ ಬಂದು, ಕಪ್ಪಿನ ಮೇಲೆ ಚಿನ್ನದ ತಂತಿಯಿಂದ ಗೀಚಿದಂತೆ ಕಾಣುತ್ತದೆ. ನೀರಿನಿಂದ ಏಳುವ ಹಿಂಡಾದರೆ ಸಿಡಿದ ಹನಿಗಳೂ ಹೊಳೆಯುತ್ತವೆ.

ಇದರ ಮಿತಿ ಸ್ಪಷ್ಟ. ಎತ್ತರದಲ್ಲಿ ಹಾರುವ ಹಿಂಡಿಗೆ ಕಪ್ಪು ಹಿನ್ನೆಲೆ ಸಿಗುವುದಿಲ್ಲ. ಏಳುವ, ಇಳಿಯುವ, ನೀರಿಗೆ ತಾಗಿ ಹಾರುವ ಹಕ್ಕಿಗಳಿಗಷ್ಟೇ ಇದು. ಸೂರ್ಯನಿಂದ ಪಕ್ಕಕ್ಕೆ 15ರಿಂದ 40 ಡಿಗ್ರಿಯೊಳಗೆ ಹಿನ್ನೆಲೆ ಇರುವ ಜಾಗವನ್ನು ಬೆಳಕಿರುವಾಗಲೇ ಹುಡುಕಿಟ್ಟುಕೊಳ್ಳಿ. 40 ದಾಟಿದರೆ ಅಂಚು ತೆಳುವಾಗುತ್ತದೆ, 15ಕ್ಕಿಂತ ಒಳಗಾದರೆ ಲೆನ್ಸಿನೊಳಗೆ ಬೆಳಕು ಚೆಲ್ಲಿ ಕಪ್ಪು ಬೂದಿಯಾಗುತ್ತದೆ. ಹುಡ್ ಹಾಕಿ, ಮುಂದಿನ ಯುವಿ ಫಿಲ್ಟರ್ ಬಿಚ್ಚಿ. ಹಿಂಬೆಳಕಿನಲ್ಲಿ ಆ ಚಪ್ಪಟೆ ಗಾಜು ಸೂರ್ಯನ ಪ್ರತಿಬಿಂಬವನ್ನು ಹಸಿರು ಚುಕ್ಕಿಯಾಗಿ ಚಿತ್ರಕ್ಕೆ ಸೇರಿಸುತ್ತದೆ.

ಮೀಟರ್ ಇಲ್ಲಿ ಉಲ್ಟಾ ತಪ್ಪು ಮಾಡುತ್ತದೆ. ಚೌಕಟ್ಟಿನಲ್ಲಿ ಕಪ್ಪೇ ಹೆಚ್ಚಿರುವುದರಿಂದ ಅದನ್ನು ಬೂದು ಮಾಡಲು ಬೆಳಕು ಏರಿಸುತ್ತದೆ, ಅಂಚುಗಳು ಉರಿದು ಹೋಗುತ್ತವೆ. ಒಂದರಿಂದ ಎರಡು ಸ್ಟಾಪ್ ಇಳಿಸಿ. ಬಿಳಿ ಹಕ್ಕಿಗಳಾದರೆ ಎರಡರ ಕಡೆಗೇ ವಾಲಿ.

ನೇರ ಬೆಳಕು

ಗರಿಯ ಬಣ್ಣ, ಜಾತಿಯ ಗುರುತು ಬೇಕಿದ್ದವರಿಗೆ ಇದೇ ದಾರಿ. ಸೂರ್ಯನಿಗೆ ಬೆನ್ನು, ಪೂರ್ವಕ್ಕೆ ಮುಖ. ಇದರಲ್ಲಿ ತಂತ್ರ ಕಡಿಮೆ. 1/1600, ಆಟೋ ಐಎಸ್‌ಒ, ಕಪ್ಪು ಹಕ್ಕಿಗೆ ಅರ್ಧ ಸ್ಟಾಪ್ ಹೆಚ್ಚು, ಬಿಳಿ ಹಕ್ಕಿಗೆ ಅಷ್ಟೇ ಕಡಿಮೆ. ಒಂದು ಸೂಕ್ಷ್ಮ ಮಾತ್ರ ಗಮನಿಸುವಂಥದ್ದು. ನೆಲದಲ್ಲಿ ಸೂರ್ಯ ಮುಳುಗಿದ ಮೇಲೂ 300 ಮೀಟರ್ ಎತ್ತರದಲ್ಲಿ ಹಾರುವ ಹಕ್ಕಿಗೆ ಸುಮಾರು ಎರಡು ನಿಮಿಷ ಬಿಸಿಲಿರುತ್ತದೆ. ಆ ಹೊತ್ತಿಗೆ ಪೂರ್ವದಲ್ಲಿ ಭೂಮಿಯ ನೆರಳಿನ ನೀಲಿ-ಬೂದು ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ ಏಳತೊಡಗಿರುತ್ತದೆ. ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿರುವಾಗ ಹಿಂದಕ್ಕೆ ತಿರುಗಿ ನೋಡಬೇಕಾದ ಎರಡು ನಿಮಿಷ ಅದು. ಹುಣ್ಣಿಮೆಯ ಹಿಂದಿನ ದಿನವಾದರೆ ಚಂದ್ರ ಸೂರ್ಯಾಸ್ತಕ್ಕೆ ಮುಂಚೆಯೇ ಹುಟ್ಟಿ, ಆಕಾಶದಲ್ಲಿ ಇನ್ನೂ ಬಣ್ಣವಿರುವಾಗ ಅಲ್ಲೇ ನಿಂತಿರುತ್ತಾನೆ.

ತೇಲುಗೆರೆ: ಕಪ್ಪು ಹಕ್ಕಿ ಯಾಕೆ ಮಾಯವಾಗುತ್ತದೆ

ನಿಧಾನ ಶಟರ್ ಹಾಕಿ, ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಕೆಂಪು ಆಕಾಶದಲ್ಲಿ ಹಾರುವ ಹಿಂಡನ್ನು ತೆಗೆದರೆ ಕಪ್ಪು ಗೆರೆಗಳು ಬರುತ್ತವೆ ಎಂದು ತುಂಬ ಮಂದಿ ಎಣಿಸುತ್ತಾರೆ. ಬರುವುದು ಹೊಗೆಯಂಥ ಕಲೆ, ಕೆಲವೊಮ್ಮೆ ಅದೂ ಇಲ್ಲ. 70 ಸೆಂ.ಮೀ. ಉದ್ದದ ಹೆಬ್ಬಾತು ಸೆಕೆಂಡಿಗೆ 16 ಮೀಟರ್ ವೇಗದಲ್ಲಿ ಹೋದರೆ ಆಕಾಶದ ಒಂದು ಬಿಂದುವನ್ನು ಅದು ಮರೆಮಾಡುವುದು 0.044 ಸೆಕೆಂಡು ಮಾತ್ರ. ಶಟರ್ 1/4 ಸೆಕೆಂಡು ತೆರೆದಿದ್ದರೆ ಉಳಿದ ಶೇ. 80ಕ್ಕೂ ಹೆಚ್ಚು ಹೊತ್ತು ಆ ಬಿಂದುವಿನ ಮೇಲೆ ಆಕಾಶದ ಬೆಳಕೇ ಸುರಿಯುತ್ತಿರುತ್ತದೆ. ಹಕ್ಕಿಯನ್ನು ಆಕಾಶ ಅಳಿಸಿಬಿಡುತ್ತದೆ.

ಇದಕ್ಕೆ ಎರಡು ಪರಿಹಾರ. ಕ್ಯಾಮೆರಾವನ್ನೇ ಹಕ್ಕಿಯ ಜತೆ ತಿರುಗಿಸುವುದು, ಅಂದರೆ ಪ್ಯಾನಿಂಗ್. ಆಗ ಮೈ ಒಂದೇ ಜಾಗದಲ್ಲಿ ನಿಂತು ಕಪ್ಪಾಗಿ ಉಳಿಯುತ್ತದೆ, ರೆಕ್ಕೆ ಮಾತ್ರ ಕರಗುತ್ತದೆ. ಇಲ್ಲವೇ ತಿಳಿ ಬಣ್ಣದ ಹಕ್ಕಿಯನ್ನು ಕಪ್ಪು ಹಿನ್ನೆಲೆಯ ಮೇಲೆ ತೆಗೆಯುವುದು. ಅಲ್ಲಿ ಅಳಿಸುವ ಬೆಳಕೇ ಇಲ್ಲ, ಗೆರೆ ಚೆನ್ನಾಗಿ ಮೂಡುತ್ತದೆ.

ಪ್ಯಾನಿಂಗ್‌ನಲ್ಲಿ ರೆಕ್ಕೆಬಡಿತ ನಿಧಾನವಿರುವ ಕ್ರೌಂಚದಂಥ ದೊಡ್ಡ ಹಕ್ಕಿಗೆ 1/20ರಿಂದ 1/30, ಹೆಬ್ಬಾತಿಗೆ 1/30ರಿಂದ 1/45, ವೇಗವಾಗಿ ಬಡಿಯುವ ಬಾತುಗಳಿಗೆ 1/60 ಸಾಕು. ಮುಳುಗುವ ಹೊತ್ತಿಗೆ ಐಎಸ್‌ಒ 100, ಎಫ್/11-16, ಆಮೇಲೆ ಬೆಳಕು ಇಳಿದಂತೆ ಅಪರ್ಚರ್ ಅಗಲಿಸಿ. ಬೆಳಕು ಇನ್ನೂ ಹೆಚ್ಚಿದ್ದರೆ 3 ಸ್ಟಾಪ್ ಬೆಳಕು ತಡೆಯುವ ಎನ್‌ಡಿ ಫಿಲ್ಟರ್ (ಬೂದು ಗಾಜು). ಸ್ಟೆಬಿಲೈಸರ್ ಅನ್ನು ಪ್ಯಾನಿಂಗ್ ಮೋಡ್‌ಗೆ ಹಾಕಿ. ಸಾಮಾನ್ಯ ಮೋಡ್‌ನಲ್ಲಿ ಅದು ನಿಮ್ಮ ತಿರುಗಾಟವನ್ನೇ ಕೈನಡುಕವೆಂದು ತಿಳಿದು ಎದುರು ಎಳೆಯುತ್ತದೆ. ಕಾಲುಗಳನ್ನು ಹಿಂಡು ಹೋಗುವ ದಿಕ್ಕಿಗೆ ಊರಿ, ಸೊಂಟದಿಂದ ಹಿಂದಕ್ಕೆ ತಿರುಗಿ ಶುರುಮಾಡಿ. ಮೈ ಬಿಚ್ಚಿಕೊಳ್ಳುತ್ತಾ ಹೋಗುವಾಗ ಚಲನೆ ನಯವಾಗಿರುತ್ತದೆ. ಶಟರ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ನೂರಕ್ಕೆ ಎರಡು ಮೂರು ಉಳಿದರೆ ಒಳ್ಳೆಯ ಸಂಜೆ. ಕಾರ್ಡ್ ಖಾಲಿ ಇಟ್ಟುಕೊಂಡು, ಕಪ್ಪು ಆಕೃತಿಯ ಚಿತ್ರಗಳು ಕೈಗೆ ಬಂದ ಮೇಲೆ ಇದಕ್ಕೆ ಇಳಿಯಿರಿ.

ಗಾಳಿ ನೋಡಿ ಜಾಗ ಹಿಡಿಯುವುದು

ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ನೀವು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೀರಿ ಎಂದುಕೊಳ್ಳಿ. ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಇಳಿಯುವ ಹಿಂಡು ನಿಮ್ಮ ತಲೆಯ ಮೇಲಿಂದ ಹೋಗಿ ಬಾಲ ತೋರಿಸುತ್ತದೆ. ಪೂರ್ವದಿಂದ ಬೀಸುತ್ತಿದ್ದರೆ ಸೂರ್ಯನ ಕಡೆಯಿಂದ ಮುಖಾಮುಖಿ ಬರುತ್ತದೆ. ಹೊನ್ನಂಚಿಗೆ ಇದು ಒಳ್ಳೆಯದು. ಕಪ್ಪು ಆಕೃತಿಗೆ ಅಷ್ಟಕ್ಕಷ್ಟೇ, ಏಕೆಂದರೆ ಎದುರಿಗೆ ಬರುವ ಹಕ್ಕಿ ನಡುವೆ ಗಂಟಿರುವ ಬಿಲ್ಲಿನಂತೆ ಕಾಣುತ್ತದೆ, ಕತ್ತೂ ಇಲ್ಲ ಕೊಕ್ಕೂ ಇಲ್ಲ. ಉತ್ತರ-ದಕ್ಷಿಣದ ಅಡ್ಡಗಾಳಿ ಇದ್ದ ಸಂಜೆ ಹಕ್ಕಿ ಪಕ್ಕನೋಟದಲ್ಲಿ ಸಿಗುತ್ತದೆ. ಕಪ್ಪು ಆಕೃತಿಗೂ ಪ್ಯಾನಿಂಗ್‌ಗೂ ಅದೇ ಬೇಕು. ದೂರ ಪ್ರಯಾಣದಲ್ಲಿ ಎತ್ತರದಲ್ಲಿ ಸಾಗುವ ಹಿಂಡಿಗೆ ಈ ನಿಯಮ ಅನ್ವಯಿಸದು, ಅವು ಹಿಂಗಾಳಿಯನ್ನೇ ಆರಿಸಿಕೊಂಡು ಹೊರಟಿರುತ್ತವೆ.

ಹಿಂಡನ್ನು ಎಬ್ಬಿಸಿ ಚಿತ್ರ ತೆಗೆಯುವ ಚಾಳಿ ಬೇಡ. ಮುಂದಿನ ಹಾರಾಟಕ್ಕೆ ಕೂಡಿಟ್ಟ ಕೊಬ್ಬನ್ನು ಅವು ನಮಗಾಗಿ ಸುಡುತ್ತವೆ. ಚಿತ್ರದ ದೃಷ್ಟಿಯಿಂದಲೂ ನಷ್ಟವೇ, ಬೆದರಿದ ಹಿಂಡು ನಮ್ಮಿಂದ ದೂರಕ್ಕೆ ಹಾರುವುದರಿಂದ ಸಿಗುವುದೆಲ್ಲ ಹಿಂಭಾಗ. ರಾತ್ರಿ ತಂಗುವ ಜಾಗದ ಮೇಲೆ ಡ್ರೋನ್ ಹಾರಿಸುವುದಂತೂ ಮಾತೇ ಆಡಬಾರದು.

ಲೆನ್ಸ್: ಉದ್ದವೋ, ಅಗಲವೋ, ಬೆಳಕೋ

ಹಿಂಡಿನ ಚಿತ್ರಕ್ಕೆ ಅತಿ ಉದ್ದದ ಲೆನ್ಸೇ ಬೇಕು ಎಂಬುದು ಒಂಟಿ ಹಕ್ಕಿಯ ಚಿತ್ರಗಳಿಂದ ಬಂದ ಅಭ್ಯಾಸ. ಸರಳ ಲೆಕ್ಕ ಹಾಕಿ. 36 ಎಂಎಂ ಅಗಲದ ಫುಲ್‌ಫ್ರೇಮ್ ಸೆನ್ಸರ್‌ನಲ್ಲಿ, 36ನ್ನು ದೂರದಿಂದ ಗುಣಿಸಿ ಹಿಂಡಿನ ಅಗಲದಿಂದ ಭಾಗಿಸಿದರೆ ಹಿಂಡು ಚೌಕಟ್ಟು ತುಂಬುವ ಫೋಕಲ್ ಲೆಂತ್ ಸಿಗುತ್ತದೆ. 40 ಮೀಟರ್ ಅಗಲದ ವಿ ಸಾಲು 300 ಮೀಟರ್ ದೂರದಲ್ಲಿದ್ದರೆ 270 ಎಂಎಂ. ಅದೇ ಸಾಲು 100 ಮೀಟರ್‌ಗೆ ಬಂದರೆ 90 ಎಂಎಂ. ಸುತ್ತ ಜಾಗ ಬಿಡಬೇಕಲ್ಲ, ಇನ್ನೂ ಕಾಲು ಭಾಗ ಕಡಿಮೆ ಮಾಡಿ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದರೆ 36ರ ಬದಲು 24 ಹಾಕಿ.

ಗಮನಿಸಬೇಕಾದ್ದು ಇನ್ನೊಂದಿದೆ. ಇಡೀ ಸಾಲು ಚೌಕಟ್ಟು ತುಂಬಿದಾಗ ಒಂದೂವರೆ ಮೀಟರ್ ರೆಕ್ಕೆಹರವಿನ ಹೆಬ್ಬಾತು 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸುಮಾರು 225 ಪಿಕ್ಸೆಲ್. ಲೆನ್ಸ್ 90 ಇರಲಿ 600 ಇರಲಿ, ಇದು ಬದಲಾಗದು. ಉದ್ದ ಲೆನ್ಸ್ ದೂರದ ಹಿಂಡನ್ನು ಹತ್ತಿರ ತರುತ್ತದೆ ಅಷ್ಟೇ, ಇಡೀ ಹಿಂಡಿನ ಚಿತ್ರದಲ್ಲಿ ಹಕ್ಕಿಯನ್ನು ದೊಡ್ಡದು ಮಾಡುವುದಿಲ್ಲ.

70-200 ಎಫ್/2.8: ಹತ್ತಿರ ಹಾರುವ, ಅಗಲವಾದ ಹಿಂಡುಗಳಿಗೆ, ಸೂರ್ಯಾಸ್ತದ ನಂತರದ ಬೆಳಕಿಗೆ ಇದು ಮೇಲು. ಎಫ್/5.6ರ ಲೆನ್ಸಿಗಿಂತ 2 ಸ್ಟಾಪ್ ಹೆಚ್ಚು ಬೆಳಕು, ಅಂದರೆ ಕತ್ತಲಾಗುವ ಮುಂಚೆ ಸುಮಾರು ಏಳು ನಿಮಿಷ ಹೆಚ್ಚು ಕೆಲಸ.

100-400ರ ಜೂಮ್: ಒಂದೇ ಲೆನ್ಸ್ ಇಟ್ಟುಕೊಳ್ಳುವವರಿಗೆ ಇದೇ ನಮ್ಮ ಶಿಫಾರಸು. ಹಿಂಡು ದೂರದಿಂದ ಬಂದು ತಲೆಯ ಮೇಲೆ ಹಾದುಹೋಗುವಾಗ ಜೂಮ್ ಇಲ್ಲದಿದ್ದರೆ ಸರಿಯಾದ ಅಳತೆ ಸಿಗುವುದು ಒಂದೇ ಕ್ಷಣ.

150-600: ದೂರದ ಹಿಂಡು, ಸೂರ್ಯಬಿಂಬದ ಮುಂದೆ ಹಾದುಹೋಗುವ ಹಕ್ಕಿಗಳು ಬೇಕಿದ್ದರೆ. ಸೆನ್ಸರ್ ಮೇಲೆ ಸೂರ್ಯನ ಗಾತ್ರ ಫೋಕಲ್ ಲೆಂತ್‌ನ ಸುಮಾರು 110ನೇ ಒಂದು ಭಾಗ. 200ರಲ್ಲಿ 1.8 ಎಂಎಂ ಚುಕ್ಕಿ, 600ರಲ್ಲಿ 5.5 ಎಂಎಂ ತಟ್ಟೆ. ಹೆಬ್ಬಾತು ಸುಮಾರು 160 ಮೀಟರ್ ದೂರದಲ್ಲಿದ್ದರೆ ಅದರ ರೆಕ್ಕೆಹರವು ಸರಿಯಾಗಿ ಬಿಂಬದಷ್ಟೇ ಅಗಲ. ಸಾಲು ಪೂರ್ತಿ ಬಿಂಬದೊಳಗೆ ಕೂರಬೇಕೆಂದರೆ ಹಿಂಡು ಕಿಲೋಮೀಟರುಗಟ್ಟಲೆ ದೂರದಲ್ಲಿರಬೇಕು. ಎಫ್/6.3ರ ಕಾರಣ ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಇದರ ಆಟ ಮುಗಿಯುತ್ತದೆ.

24-70: ಸಾವಿರಾರು ಕಬ್ಬಕ್ಕಿಗಳು ತಂಗುದಾಣದ ಮೇಲೆ ಮೋಡದಂತೆ ಸುತ್ತುವಾಗ ಇದನ್ನೇ ತೆಗೆಯಿರಿ. 400 ಹಿಡಿದವರಿಗೆ ಆಗ ಕಾಣುವುದು ಮೋಡದ ಒಂದು ಮೂಲೆ.

ಉದ್ದ ಲೆನ್ಸಿಗೆ ಇನ್ನೊಂದು ಶತ್ರು, ಬಿಸಿಗಾಳಿಯ ಕಂಪನ. ಹಗಲಿಡೀ ಕಾದ ನೆಲ, ತಂಪಾಗುವ ಗಾಳಿ, ನಡುವೆ ನೂರಾರು ಮೀಟರ್. ಬರ್ಸ್ಟ್‌ನ ಪ್ರತಿ ಚಿತ್ರದಲ್ಲೂ ಹಕ್ಕಿಯ ಅಂಚು ಬೇರೆ ಬೇರೆ ರೀತಿಯಲ್ಲಿ ಅಲುಗಿದ್ದರೆ, ಯಾವುದೂ ಚೂಪಾಗಿಲ್ಲದಿದ್ದರೆ ಫೋಕಸ್ ಮೇಲೆ ತಪ್ಪು ಹೊರಿಸಬೇಡಿ. ಇದನ್ನು ಯಾವ ತಂತ್ರಾಂಶವೂ ಸರಿಪಡಿಸದು. ಹತ್ತಿರ ಬರುವ ಹಿಂಡಿಗೆ ಕಾಯಿರಿ, ನೆಲಕ್ಕೆ ತಾಗಿದ ನೋಟ ಬಿಟ್ಟು ಎತ್ತರಕ್ಕೆ ಗುರಿಯಿಡಿ.

ಆಪ್ಟಿಕಲ್ ವ್ಯೂಫೈಂಡರ್ ಇರುವ ಕ್ಯಾಮೆರಾದಲ್ಲಿ ಉದ್ದ ಲೆನ್ಸಿನ ಮೂಲಕ ಸೂರ್ಯನನ್ನು ನೋಡಬೇಡಿ. ಕೆಂಪಗೆ ತಣ್ಣಗೆ ಕಂಡರೂ ಕಣ್ಣಿಗೆ ಅಪಾಯವೇ, ಪರದೆಯ ಮೂಲಕ ನೋಡಿ. ಮಿರರ್‌ಲೆಸ್‌ನಲ್ಲಿ ಕಣ್ಣಿಗೆ ಭಯವಿಲ್ಲ, ಸೆನ್ಸರ್‌ಗೆ ಇದೆ. ಹಿಂಡಿಗೆ ಕಾಯುವಾಗ ಲೆನ್ಸ್ ಅನ್ನು ಸೂರ್ಯನತ್ತ ತೆರೆದು ಬಿಡದೆ ಕೆಳಕ್ಕೆ ತಿರುಗಿಸಿಡಿ.

ಶಟರ್ ವೇಗ: 1/1000 ಸಾಕೇ?

100 ಮೀಟರ್ ದೂರದಲ್ಲಿ ಸೆಕೆಂಡಿಗೆ 15 ಮೀಟರ್ ವೇಗದ ಹಕ್ಕಿಯ ಬಿಂಬ 400 ಎಂಎಂ ಲೆನ್ಸಿನ ಸೆನ್ಸರ್ ಮೇಲೆ ಸೆಕೆಂಡಿಗೆ 60 ಎಂಎಂ ಓಡುತ್ತದೆ. 1/1000ರಲ್ಲಿ 0.06 ಎಂಎಂ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್‌ನಲ್ಲಿ ಇದು 10 ಪಿಕ್ಸೆಲ್ ಮಸುಕು. ಕ್ಯಾಮೆರಾ ಅಲುಗದೆ ಇದ್ದರೆ ಮಾತ್ರ ಈ ಲೆಕ್ಕ. ಹಿಂಡಿನ ಜತೆ ತಿರುಗಿಸಿದರೆ ಎಲ್ಲ ಹಕ್ಕಿಗಳೂ ಒಂದೇ ವೇಗದಲ್ಲಿ ಹೋಗುವುದರಿಂದ ಇಡೀ ಸಾಲು ನಿಲ್ಲುತ್ತದೆ, ಮಸುಕು ಒಂದೆರಡು ಪಿಕ್ಸೆಲ್‌ಗೆ ಇಳಿಯುತ್ತದೆ. ಸಾಲು ಹಿಂಡಿಗೆ ಪ್ಯಾನಿಂಗ್ ಮಾಡುತ್ತಾ 1/1000 ಧಾರಾಳ ಸಾಕು, ಬೆಳಕು ಇಳಿದಾಗ 1/640ಕ್ಕೂ ಹೋಗಬಹುದು.

ಮೋಡದಂತೆ ಸುತ್ತುವ ಹಿಂಡಿನಲ್ಲಿ ಒಂದೊಂದು ಹಕ್ಕಿ ಒಂದೊಂದು ಕಡೆ ಹೋಗುತ್ತದೆ, ಪ್ಯಾನಿಂಗ್ ಕೆಲಸಕ್ಕೆ ಬಾರದು. ಆದರೆ ಅಲ್ಲಿ ಲೆನ್ಸ್ ಚಿಕ್ಕದು. 200 ಮೀಟರ್ ದೂರ, 100 ಎಂಎಂ, ಸೆಕೆಂಡಿಗೆ 20 ಮೀಟರ್ ವೇಗವಾದರೂ 1/500ರಲ್ಲಿ ಮಸುಕು ಮೂರು ಪಿಕ್ಸೆಲ್ ಮಾತ್ರ. ಐಎಸ್‌ಒ ಏರಿಸಿ 1/2000 ಮಾಡುವ ಅಗತ್ಯವಿಲ್ಲ. ಏರುವ ಮತ್ತು ಇಳಿಯುವ ಹಕ್ಕಿಗಳ ವಿಷಯ ಬೇರೆ. ರೆಕ್ಕೆತುದಿ ಮೈಗಿಂತ ಎಷ್ಟೋ ವೇಗವಾಗಿ ಹೋಗುತ್ತದೆ, ಹತ್ತಿರವೂ ಇರುತ್ತದೆ. ಹೊನ್ನಂಚಿಗೆ 1/2000ಕ್ಕಿಂತ ಕೆಳಗಿಳಿಯದಿರುವುದು ಲೇಸು.

ಎಲೆಕ್ಟ್ರಾನಿಕ್ ಶಟರ್ ಬಗ್ಗೆ ಇರುವ ಭಯ ಹಿಂಡಿನ ಚಿತ್ರಕ್ಕೆ ಅಷ್ಟು ಹೊಂದುವುದಿಲ್ಲ. ಸಾಮಾನ್ಯ ಸೆನ್ಸರ್ ಮೇಲಿಂದ ಕೆಳಗೆ ಓದಿ ಮುಗಿಸಲು 1/20-1/30 ಸೆಕೆಂಡು ತೆಗೆದುಕೊಳ್ಳುವುದು ನಿಜ. ಆದರೆ ಚೌಕಟ್ಟಿನ ಎತ್ತರದ ಹತ್ತನೇ ಒಂದು ಭಾಗದಷ್ಟಿರುವ ಹಕ್ಕಿಯನ್ನು ಅದು ಓದುವ ಹೊತ್ತು 1/200-1/300 ಸೆಕೆಂಡು ಮಾತ್ರ, ರೆಕ್ಕೆ ಸೊಟ್ಟಗಾಗುವಷ್ಟು ಸಮಯವೇ ಸಿಗದು. ಸೊಟ್ಟಗಾಗುವುದು ಪ್ಯಾನಿಂಗ್ ಮಾಡುವಾಗ ಹಿನ್ನೆಲೆಯಲ್ಲಿ ಬರುವ ಮರ, ಕಂಬ. ಕೆಳಗೆ ಮರಸಾಲು ಇದ್ದರೆ ಮೆಕ್ಯಾನಿಕಲ್, ಬರಿ ಆಕಾಶವಾದರೆ ಸದ್ದಿಲ್ಲದ ಎಲೆಕ್ಟ್ರಾನಿಕ್.

ಫೋಕಸ್ ಮತ್ತು ಅಪರ್ಚರ್

ಹಕ್ಕಿಯ ಕಣ್ಣು ಹುಡುಕುವ ಫೋಕಸ್ ನೇರ ಬೆಳಕಿನಲ್ಲಿ ವರ. ಕಪ್ಪು ಆಕೃತಿಯಲ್ಲಿ ಕಣ್ಣೇ ಇಲ್ಲ, ಹಿಂಡಿನಲ್ಲಿ ಅದು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ನೆಗೆಯುತ್ತಿರುತ್ತದೆ. ನಿರಂತರ ಆಟೋಫೋಕಸ್, ಮಧ್ಯಮ ಗಾತ್ರದ ಝೋನ್, ಅದನ್ನು ಮುಂದಾಳಿನ ಮೇಲೆ ಇಡಿ. ಖಾಲಿ ಆಕಾಶದಲ್ಲಿ ಪೂರ್ತಿ ಮಸುಕಾದ ಲೆನ್ಸ್‌ಗೆ ಹಿಂಡು ಕಾಣುವುದೇ ಇಲ್ಲ, ಹಿಂದೆ ಮುಂದೆ ಅಲೆಯುತ್ತಾ ಕೂರುತ್ತದೆ. ಹಿಂಡು ಬರುವ ಮುಂಚೆ ಹೆಚ್ಚುಕಡಿಮೆ ಅಷ್ಟೇ ದೂರದ ಮರದ ಮೇಲೆ ಫೋಕಸ್ ಮಾಡಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ. ಲೆನ್ಸಿನಲ್ಲಿ ದೂರದ ಮಿತಿಯ ಸ್ವಿಚ್ ಇದ್ದರೆ ಹಾಕಿಡಿ. ಕತ್ತಲು ಕವಿದ ಮೇಲೆ ಅದೇ ಮರದ ಫೋಕಸ್ ಇಟ್ಟು ಮ್ಯಾನ್ಯುಯಲ್‌ಗೆ ಬದಲಿಸಿ.

ಚೂಪಾಗಿ ಬರುವ ಆಳ ಎಷ್ಟು ಸಿಗುತ್ತದೆ ಎಂಬುದು ದೂರದ ಮೇಲೆ ನಿಂತಿದೆ. 400 ಎಂಎಂ, ಎಫ್/5.6ರಲ್ಲಿ 100 ಮೀಟರ್‌ಗೆ ಫೋಕಸ್ ಮಾಡಿದರೆ 90ರಿಂದ 112 ಮೀಟರ್‌ವರೆಗೆ ಚೂಪು. ಓರೆಯಾಗಿ ಬರುವ ಉದ್ದ ಸಾಲಿನ ಬಾಲ ಇದರಲ್ಲಿ ಹಿಡಿಸದು. ಎಫ್/8ಕ್ಕೆ ಇಳಿಸಿದರೆ ಆಳ ಸುಮಾರು 30 ಮೀಟರ್, ಒಂದು ಸ್ಟಾಪ್ ಬೆಳಕು ಖರ್ಚು. ಅದೇ ಹಿಂಡು 200 ಮೀಟರ್‌ನಲ್ಲಿದ್ದರೆ ಎಫ್/5.6ರಲ್ಲೇ 88 ಮೀಟರ್ ಆಳ. ಹತ್ತಿರದ ಹಿಂಡಿಗೆ ಅಪರ್ಚರ್ ಕಿರಿದು, ದೂರದ್ದಕ್ಕೆ ಅಗಲ. ಒಂಟಿ ಹಕ್ಕಿ ತೆಗೆಯುವವರ ರೂಢಿಗೆ ಇದು ತಿರುಗುಮುರುಗು.

ಕೈಯಲ್ಲಿ ಹಿಡಿಯುವುದೋ ಟ್ರೈಪಾಡೋ ಎಂದರೆ, ಎರಡು ಕಿಲೋವರೆಗಿನ ಲೆನ್ಸ್ ಕೈಯಲ್ಲೇ. ತಲೆಯ ಮೇಲೆ ಹಾದುಹೋಗುವ ಹಿಂಡಿಗೆ ಟ್ರೈಪಾಡ್ ಅಡ್ಡಿ. ಅದಕ್ಕಿಂತ ಭಾರವಿದ್ದರೆ ಟ್ರೈಪಾಡ್ ಮೇಲೆ ಲೆನ್ಸನ್ನು ಸಲೀಸಾಗಿ ತಿರುಗಿಸುವ ಗಿಂಬಲ್ ಹೆಡ್.

ಮನೆಗೆ ಬಂದ ಮೇಲೆ

ರಾ ಅಥವಾ ಜೆಪೆಗ್ ಎಂಬ ವಾದ ಇಲ್ಲಿ ಬೇಗ ಮುಗಿಯುತ್ತದೆ. ಸಂಜೆಯ ಆಕಾಶ ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರುವ ಇಳಿಜಾರು. 8 ಬಿಟ್‌ನ ಜೆಪೆಗ್‌ನಲ್ಲಿ ಸ್ವಲ್ಪ ಕಾಂಟ್ರಾಸ್ಟ್ ಏರಿಸಿದರೂ ಆ ಇಳಿಜಾರು ಮೆಟ್ಟಿಲುಗಳಾಗುತ್ತದೆ. ರಾ ಇರಲಿ. ಕೆಲವು ಕ್ಯಾಮೆರಾಗಳು ವೇಗದ ಎಲೆಕ್ಟ್ರಾನಿಕ್ ಬರ್ಸ್ಟ್‌ನಲ್ಲಿ 14ರ ಬದಲು 12 ಬಿಟ್‌ಗೆ ಇಳಿಯುತ್ತವೆ, ಕೈಪಿಡಿ ನೋಡಿಕೊಳ್ಳಿ. ಕಪ್ಪು ಆಕೃತಿಯ ಚಿತ್ರದಲ್ಲಿ ನೆರಳು ಎತ್ತುವ ಸ್ಲೈಡರ್ ಮುಟ್ಟಬೇಡಿ. ಎತ್ತಿದರೆ ಗರಿ ಬರುವುದಿಲ್ಲ, ನೇರಳೆ ಕಾಳು, ಅಂದರೆ ನಾಯ್ಸ್, ಬರುತ್ತದೆ. ಬದಲಿಗೆ ಕಪ್ಪನ್ನು ಇನ್ನಷ್ಟು ಕೆಳಗಿಳಿಸಿ.

ಕೊನೆಗೆ ಧೂಳು. ಎಫ್/11 ದಾಟಿದಾಗ ಸೆನ್ಸರ್ ಮೇಲಿನ ಧೂಳು ಆಕಾಶದಲ್ಲಿ ಬೂದು ಚುಕ್ಕಿಯಾಗಿ ಕಾಣುತ್ತದೆ, ದೂರದ ಹಕ್ಕಿಯೂ ಹಾಗೆಯೇ ಕಾಣುತ್ತದೆ. ತಾನಾಗಿ ಧೂಳು ತೆಗೆಯುವ ಸಾಧನ ಹಾಕಿದರೆ ಹಿಂಡಿನ ಹಿಂಬದಿಯ ಹಕ್ಕಿಗಳೂ ಅದರ ಜತೆ ಹೋಗುತ್ತವೆ. ಜೋರಾದ ನಾಯ್ಸ್ ರಿಡಕ್ಷನ್ ಕೂಡ ಮೂರು ನಾಲ್ಕು ಪಿಕ್ಸೆಲ್‌ನ ಹಕ್ಕಿಗಳನ್ನು ಕಾಳೆಂದು ತಿಳಿದು ಒರೆಸುತ್ತದೆ. ಬರ್ಸ್ಟ್‌ನ ಎರಡು ಚಿತ್ರಗಳನ್ನು ಒಂದರ ಮೇಲೊಂದು ಬದಲಿಸಿ ನೋಡಿ. ಎರಡರಲ್ಲೂ ಚೌಕಟ್ಟಿನ ಅದೇ ಜಾಗದಲ್ಲಿ ಕೂತದ್ದು ಧೂಳು, ಜಾಗ ಬದಲಿಸಿದ್ದು ಹಕ್ಕಿ. ಧೂಳನ್ನು ಒಂದೊಂದಾಗಿ ಕೈಯಲ್ಲೇ ತೆಗೆಯಿರಿ.